ಮುನಿಶಾಮಮ್ಮನ ಎದೆಗೆ ಬಿದ್ದ ಸೂಜಿ

ಮುನಿಶಾಮಮ್ಮನವರ ಎದೆಯ ನಟ್ಟನಡುವೆ ಏನೋ ಸಿಕ್ಕಿಕೊಂಡಿದೆ ಎಂಬ ಸಂಗತಿ ಎರಡು ಸಾವಿರದ ಒಂದನೇ ಇಸವಿಯ ಹೊತ್ತಿಗೆ ಕಗ್ಗದಾಸಪುರದಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಏನು ಸಿಕ್ಕಿಕೊಂಡಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದ ಬಗ್ಗೆ ಅಭಿಪ್ರಾಯ ಕೊಡಲು ನಮ್ಮ ಬೀದಿಯಲ್ಲಿ ಯಾರೂ ಹಿಂದೆಮುಂದೆ ನೋಡುವವರಲ್ಲ. ಹಾಗಾಗಿ ಆಕೆಯ ಎದೆ ಒಂದು ಸಾರ್ವಜನಿಕ ಆಸ್ತಿಯೇ ಆಗಿಬಿಟ್ಟಿತ್ತು. ಮೆಡಿಕಲ್ ಸ್ಟೋರಿನವನು ಗ್ಯಾಸ್ ಅಂದ. ಪಟಾಲಮ್ಮನ ಗುಡಿಯ ಪೂಜಾರಿ ದೃಷ್ಟಿ ಅಂದ. ಎದುರುಮನೆಯ ಯಶೋದಮ್ಮ, “ಅದು ಸೊಕ್ಕು ಕಣ್ರೀ. ಕೂತ್ಕೊಂಡು ತಿಂದ್ರೆ ಹಂಗೇ ಆಗೋದು” ಅಂದರು, ಮುಖದ ಮುಂದಲ್ಲ.

ನಾನು ಆಗ ಮುನಿಶಾಮಮ್ಮನವರ ಕಟ್ಟಡದ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೆ. ಇಂದಿರಾನಗರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಂದರೆ, ಕನ್ನಡ ಬೇಡವೆನ್ನುವ ಮಕ್ಕಳಿಗೆ, ಬೇಡವೆನ್ನುವ ತಂದೆತಾಯಿಗಳ ದೊಡ್ಡ ಮನಸ್ಸಿನಿಂದ, ವಾರಕ್ಕೆ ಒಂದಿಷ್ಟು ಹೊತ್ತು ಅಡ್ಡಿಪಡಿಸುತ್ತಿದ್ದೆ. ಸಂಜೆ ಮನೆಗೆ ಬಂದರೆ ಮೆಟ್ಟಿಲ ಬುಡದಲ್ಲಿ ಆಕೆ ಕೂತಿರುತ್ತಿದ್ದರು. ಐವತ್ತು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು, ರಟ್ಟೆಯಲ್ಲಿ ಹಳೇ ಕಸುವು. ಒಂದು ಕೈ ಯಾವಾಗಲೂ ಎದೆಯ ಮೇಲೆ. “ಬಂದ್ರಾ ಟೀಚರಮ್ಮ” ಅನ್ನುವುದು, ಒಂದು ನಿಟ್ಟುಸಿರು ಬಿಡುವುದು, ಅಲ್ಲಿಗೆ ಮುಗಿಯಿತು. ಇಲ್ಲಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು. ಉಳಿದರ್ಧವನ್ನು ಬಾಯಿ ಬಂದ ಮೇಲೆ ಆಕೆಯೇ ಆ ಮೆಟ್ಟಿಲ ಮೇಲೆ ಕೂತು, ಒಬ್ಬೊಬ್ಬರ ಧ್ವನಿಯನ್ನೂ ಅಣಕಿಸಿ ಹೇಳಿದ್ದು.

ಕಟ್ಟಡದ ಹೆಸರು ‘ಶ್ರೀಮತಿ ಮುನಿಶಾಮಮ್ಮ ನಿಲಯ’. ಕಪ್ಪು ಗ್ರಾನೈಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಅದನ್ನು ಕೆತ್ತಿಸಿದವರು ಆಕೆಯ ಯಜಮಾನರು ದೊಡ್ಡಮುನಿಯಪ್ಪ. ಊರಿನ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದ ಮೇಲೆ ಅವರು ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಚಪ್ಪಲಿಗೆ ಬಡ್ತಿ ಪಡೆದಿದ್ದರು. ರೈಲ್ವೆ ಗೇಟಿನ ಆಚೆ ಒಂದು ಅಡ್ಡರಸ್ತೆಗೆ ಅವರ ಹೆಸರಿತ್ತು, ಅವರೇ ಇಟ್ಟುಕೊಂಡದ್ದು. ಮಾತು ಶುರುಮಾಡುವಾಗ “ನಾನ್ ಹೇಳೋದ್ ಕೇಳಿ” ಅನ್ನುವರು, ಮುಗಿಸುವಾಗ “ನಾನ್ ಹೇಳ್ಲಿಲ್ವಾ?” ಅನ್ನುವರು. ಇವೆರಡರ ನಡುವೆ ಇನ್ನೊಬ್ಬರು ನುಸುಳುವುದಕ್ಕೆ ಸಂದಿಯಿರಲಿಲ್ಲ. ಹೆಂಡತಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಮೇಲೆ ಹೆಂಡತಿಯ ಕಡೆಗಿನ ತಮ್ಮ ಕರ್ತವ್ಯವೆಲ್ಲ ಸಂದಾಯವಾಯಿತೆಂದು ಅವರು ಮನಃಪೂರ್ವಕವಾಗಿ ನಂಬಿದ್ದರು.

ಕಟ್ಟಡ ಬರುವ ಮುಂಚೆ ಆ ಜಾಗದಲ್ಲಿ ಎಮ್ಮೆಗಳ ಕೊಟ್ಟಿಗೆಯಿತ್ತು. ಪಹಣಿಯ ಪ್ರಕಾರ ಅದು ದೊಡ್ಡಮುನಿಯಪ್ಪನವರದು, ಸಗಣಿಯ ಪ್ರಕಾರ ಮುನಿಶಾಮಮ್ಮನದು. ಬೋರಿ, ಕಪ್ಪಿ, ಮಲ್ಲಿ ಎಂಬ ಮೂರು, ಜೊತೆಗೆ ಇನ್ನೊಂದು. ಆ ಇನ್ನೊಂದಕ್ಕೆ ತನ್ನ ಅತ್ತೆಯ ಹೆಸರನ್ನೇ ಇಟ್ಟಿದ್ದರಂತೆ. ಅತ್ತೆ ತೀರಿಕೊಂಡ ಮೇಲೆ, ಎಮ್ಮೆ ಒದೆಯುವ ರೀತಿ ನೋಡಿ. ಬೆಳಗಾಗುವ ಮುಂಚೆಯೇ ಹಾಲು ಕರೆದು, ಕ್ಯಾನನ್ನು ತಲೆಯ ಮೇಲೆ ಹೊತ್ತು, ತಿಪ್ಪಸಂದ್ರ ಹಾದು ಇಂದಿರಾನಗರಕ್ಕೆ ನಡೆದುಹೋಗುತ್ತಿದ್ದರು. ಅಲ್ಲಿನ ದೊಡ್ಡ ದೊಡ್ಡ ಮನೆಗಳ ಹಿಂಬಾಗಿಲುಗಳೆಲ್ಲ ಆಕೆಗೆ ಪರಿಚಯ. ಯಾವ ಕರ್ನಲ್ ಸಾಹೇಬರು ಹೆಂಡತಿಗೆ ಹೆದರುತ್ತಾರೆ, ಯಾವ ಮನೆಯ ಸೊಸೆ ಹಾಲಿಗೆ ನೀರು ಬೆರೆಸಿ ಅತ್ತೆಗೆ ಕೊಡುತ್ತಾಳೆ, ಎಲ್ಲ ಗೊತ್ತು. ಆ ದಾರಿಯಲ್ಲಿ ಆಕೆ ಮಾತಿನ ಮಲ್ಲಿಯಂತೆ. ಮನೆಯ ಹೊಸಿಲು ದಾಟಿ ಒಳಗೆ ಬಂದರೆ ಮೂಕಿ. ಮನೆಯಲ್ಲಿ ಮಾತಾಡುವ ಕೆಲಸ ಆಗಲೇ ಬೇರೆಯವರಿಗೆ ಹಂಚಿಕೆಯಾಗಿತ್ತಲ್ಲ.

ತೊಂಬತ್ತೇಳರ ಸುಮಾರಿನಲ್ಲಿ ಯಾವುದೋ ಪಕ್ಷದ ಮುಖಂಡರು ದೊಡ್ಡಮುನಿಯಪ್ಪನವರ ಮನೆಗೆ ಕಾಫಿಗೆ ಬಂದರು. ಅದೇ ಹೊತ್ತಿಗೆ ಮುನಿಶಾಮಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಮುಂಬಾಗಿಲಿನಿಂದಲೇ ಬಂದರು. ಮುಖಂಡರು ಏನೂ ತಪ್ಪು ತಿಳಿದುಕೊಳ್ಳಲಿಲ್ಲ, “ಏನಮ್ಮ, ಎಷ್ಟು ಕರೀತವೆ?” ಎಂದು ವಿಚಾರಿಸಿದರು ಕೂಡ. ಆದರೆ ದೊಡ್ಡಮುನಿಯಪ್ಪನವರ ಮರ್ಯಾದೆ ಅವತ್ತು ನೆಲ ಕಚ್ಚಿದ್ದು ಮೇಲೇಳಲೇ ಇಲ್ಲ. ಮುಂದಿನ ವಾರ ಆಕೆ ಹೊಸಕೋಟೆ ಕಡೆಯ ತವರಿಗೆ ಅಣ್ಣನ ಸೊಸೆಯ ಸೀಮಂತಕ್ಕೆಂದು ಹೋಗಿ ಬರುವಷ್ಟರಲ್ಲಿ ಕೊಟ್ಟಿಗೆ ಖಾಲಿ. ಗೂಟಗಳಿದ್ದವು, ಹಗ್ಗಗಳಿದ್ದವು, ಕಲಗಚ್ಚಿನ ಬಾನಿಯಿತ್ತು. ಎಮ್ಮೆಗಳು ಯಾವುದೋ ಲಾರಿ ಹತ್ತಿ ಹೋಗಿದ್ದವು.

“ಇನ್ಮೇಲೆ ಆರಾಮಾಗಿರು. ಮಹಾರಾಣಿ ಇದ್ದಂಗೆ ಇರು” ಎಂದರಂತೆ ಯಜಮಾನರು.

ಮಹಾರಾಣಿ ಏನೂ ಅನ್ನಲಿಲ್ಲ. ಕಾಲು ತೊಳೆದು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟರು. ಆಕೆ ಏನೂ ಅನ್ನದ ಈ ಸಂಗತಿಯನ್ನು ದೊಡ್ಡಮುನಿಯಪ್ಪನವರು ಬಂದವರಿಗೆಲ್ಲ ಹೇಳಿಕೊಂಡು ಹೆಮ್ಮೆಪಡುತ್ತಿದ್ದರು. “ನಾಲ್ಕಕ್ಕೆ ನಾಲ್ಕೂ ಹೊಡ್ದು ಕಳ್ಸಿದೆ. ನಮ್ಮವಳು ಒಂದೇ ಒಂದು ಮಾತು? ಊಹೂಂ. ಅಂಥಾ ಹೆಂಗ್ಸು.” ಬಾಡಿಗೆಗೆ ಮನೆ ಕೇಳಲು ಹೋದ ದಿನವೇ ನನಗೂ ಇದನ್ನು ಹೇಳಿದ್ದರು. ನೀರಿನ ವ್ಯವಸ್ಥೆ ಹೇಗೆ ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ ಅದು.

ಕೊಟ್ಟಿಗೆ ಒಡೆದು ಕಟ್ಟಡ ಎದ್ದಿತು. ಮಹಾರಾಣಿಗೆ ಕಲರ್ ಟಿವಿ ಬಂತು, ಸೋಫಾ ಬಂತು, ಬಾಗಿಲಿಗೆ ಪ್ಯಾಕೆಟ್ ಹಾಲು ಬಂತು. ಎದೆ ಹಿಡಿದುಕೊಳ್ಳಲು ಶುರುವಾದದ್ದೂ ಆ ಸುಖದ ಕಾಲದಲ್ಲೇ. ಮುದ್ದೆಯ ತುತ್ತು ಗಂಟಲಿನಿಂದ ಇಳಿದು ಎದೆಯಲ್ಲಿ ನಿಂತುಬಿಟ್ಟ ಹಾಗೆ. ಉಸಿರು ಎಳೆದುಕೊಂಡರೆ ಅರ್ಧಕ್ಕೇ ತಡೆಯುವುದು. ನೋವೆಂದರೆ ನೋವಲ್ಲ, ಅಲ್ಲವೆಂದರೆ ಅಲ್ಲವೆನ್ನಲಾಗದು.

ಮಗ ಮುನೀಂದ್ರ ಒಳ್ಳೆಯವನು. ಟ್ಯಾಕ್ಸಿಗಳನ್ನು ಇಟ್ಟುಕೊಂಡು ಕಂಪನಿಗಳಿಗೆ ಬಿಡುತ್ತಿದ್ದ. ತಾಯಿಯನ್ನು ಏರ್‌ಪೋರ್ಟ್ ರಸ್ತೆಯ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ಆಯಿತು, ಎಕೋ ಆಯಿತು, ಕೊನೆಗೆ ಟ್ರೆಡ್‌ಮಿಲ್ ಹತ್ತಿಸಿದರು. ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಮುನಿಶಾಮಮ್ಮ ಬರಿಗಾಲಲ್ಲಿ ನಡೆಯತೊಡಗಿದರು. ಸುಸ್ತಾಗಬೇಕಾದ ಹೊತ್ತಿನಲ್ಲಿ ಸುಸ್ತಾಗಲಿಲ್ಲ. ಯಂತ್ರ ನೋಡಿಕೊಳ್ಳುತ್ತಿದ್ದ ಹುಡುಗಿ ವೇಗ ಹೆಚ್ಚಿಸಿದಳು. ಇವರೂ ಹೆಚ್ಚಿಸಿದರು. ಬೆಲ್ಟು ದಿಬ್ಬದಂತೆ ಓರೆಯಾಯಿತು. ಇವರಿಗೆ ಅದು ತಿಪ್ಪಸಂದ್ರದ ಏರು.

“ಸಾಕು ಅಮ್ಮ, ನಿಲ್ಸಿ” ಎಂದಳು ಹುಡುಗಿ.

“ಯಾಕವ್ವ? ಇನ್ನೂ ಹೊರಟ ಕಡೇನೇ ಇದೀನಲ್ಲ” ಎಂದರು ಇವರು.

ಎಲ್ಲ ನಾರ್ಮಲ್ ಎಂದು ಬರೆದುಕೊಟ್ಟರು. ಮನೆಯಲ್ಲಿ ಆ ಸುದ್ದಿಗೆ ಒಂದು ಬಗೆಯ ಬೇಸರವೇ ಆಯಿತು. “ಅಷ್ಟು ದೊಡ್ಡಾಸ್ಪತ್ರೆಗೆ ಹೋಗಿ ನಾರ್ಮಲ್ಲು ಅಂತ ಬರೆಸ್ಕೊಂಡು ಬರೋದಾ?” ಎಂದರು ದೊಡ್ಡಮುನಿಯಪ್ಪ, ಹೆಂಡತಿ ಪರೀಕ್ಷೆಯಲ್ಲಿ ಫೇಲಾದಳೇನೋ ಎಂಬಂತೆ.

ಇನ್ನು ಸೊಸೆ ರಮ್ಯಳ ಸರದಿ. ಬಾಣಸವಾಡಿಯ ಹುಡುಗಿ, ಬಿ.ಕಾಂ. ಓದಿದವಳು, ವಾರಪತ್ರಿಕೆಗಳ ಆರೋಗ್ಯ ಪುಟವನ್ನು ಕತ್ತರಿಸಿಟ್ಟುಕೊಳ್ಳುವವಳು. ಆ ಕಾಲದಲ್ಲಿ ಬೆಂಗಳೂರಿಗೆ ಬಂದಿಳಿದ ಯಾವ ಚಿಕಿತ್ಸೆಯೂ ಆ ಮನೆಯನ್ನು ಬಿಟ್ಟು ಮುಂದೆ ಹೋದದ್ದಿಲ್ಲ. ಅಯಸ್ಕಾಂತದ ಹಾಸಿಗೆಯ ಮೇಲೆ ಅತ್ತೆಯನ್ನು ಮಲಗಿಸಿದಳು. ತಾಮ್ರದ ಪಿರಮಿಡ್ಡಿನ ಕೆಳಗೆ ಕೂರಿಸಿದಳು. ಹಲಸೂರಿನಲ್ಲಿ ಕೂತ ಒಬ್ಬ ಮಹಾತಾಯಿ ಫೋನಿನಲ್ಲೇ ಶಕ್ತಿ ಕಳಿಸುತ್ತಾರೆಂದು ಅತ್ತೆಯ ಎದೆಗೆ ರಿಸೀವರ್ ಹಿಡಿದದ್ದೂ ಉಂಟು. ನಡುವೆ ಕ್ರಾಸ್ ಕನೆಕ್ಷನ್ ಆಗಿ ಶಕ್ತಿ ಯಾರಿಗೆ ಹೋಯಿತೋ ತಿಳಿಯದು. ಕೊನೆಗೆ ಅಕ್ಯುಪಂಕ್ಚರ್ ಎಂದಳು.

“ಸೂಜಿ ಅಂದ್ರೆ ಇಂಜೆಕ್ಷನ್ ಅಲ್ಲ ಅತ್ತೆ. ಒಳಗೆ ಔಷಧಿನೇ ಇರಲ್ಲ.”

“ಔಷಧಿ ಇಲ್ಲ ಅಂದ್ಮೇಲೆ ಯಾಕವ್ವ ಚುಚ್ಚೋದು?”

ಇದಕ್ಕೆ ಉತ್ತರ ಹುಡುಕಲು ರಮ್ಯ ಕತ್ತರಿಸಿಟ್ಟ ಪುಟಗಳನ್ನೆಲ್ಲ ಮತ್ತೆ ತಿರುವಿಹಾಕಿದಳು. ದೊಡ್ಡಮುನಿಯಪ್ಪನವರ ಆಕ್ಷೇಪಣೆ ದೇಶದ ಮಟ್ಟದ್ದು. “ಚೀನಾದೋರು ನಮ್ಮೇಲೆ ಯುದ್ಧಕ್ಕೆ ಬಂದೋರು. ಅವ್ರ ಸೂಜಿ ನಮ್ಮನೆ ಹೆಂಗಸ್ರಿಗಾ?” ಆದರೆ ಯಾರೋ ಮಾಜಿ ಮಂತ್ರಿಯ ಬೆನ್ನುನೋವು ಸೂಜಿಯಿಂದಲೇ ಹೋಯಿತೆಂದು ಕೇಳಿದ ಮೇಲೆ ಗಡಿ ವಿವಾದ ತಣ್ಣಗಾಯಿತು.

ಕ್ಲಿನಿಕ್ ಇದ್ದದ್ದು ಕಮ್ಮನಹಳ್ಳಿ ಮೇನ್ ರೋಡಿನಲ್ಲಿ, ಒಂದು ಬೇಕರಿಯ ಮೇಲೆ. ನಡೆಸುತ್ತಿದ್ದವರು ಫ್ರೇಜರ್ ಟೌನಿನ ಕಮರುನ್ನೀಸಾ. ಆಕೆಗೂ ಐವತ್ತರ ಆಸುಪಾಸು. ಮೊಳೆಗೆ ಬುರ್ಖಾ ತೂಗುಹಾಕಿ, ಬಿಳಿ ಕೋಟು ತೊಟ್ಟು, ಕನ್ನಡಕ ಏರಿಸಿಕೊಂಡರೆ ಡಾಕ್ಟರಮ್ಮ. ಚೀನಾದ ಈ ವಿದ್ಯೆಯನ್ನು ಆಕೆ ಕೊಲಂಬೋದಲ್ಲಿ ಇಂಗ್ಲಿಷಿನಲ್ಲಿ ಕಲಿತು ಬಂದು ಈಗ ಕಮ್ಮನಹಳ್ಳಿಯಲ್ಲಿ ತಮಿಳು, ಉರ್ದು, ಕನ್ನಡಗಳಲ್ಲಿ ಪ್ರಯೋಗಿಸುತ್ತಿದ್ದರು. ಗೋಡೆಯ ಮೇಲೆ ಒಬ್ಬ ಬೆತ್ತಲೆ ಮನುಷ್ಯನ ದೊಡ್ಡ ಚಿತ್ರ. ಮೈತುಂಬ ಕೆಂಪು ನೀಲಿ ಗೆರೆಗಳು, ಗೆರೆಗಳ ಮೇಲೆ ಚುಕ್ಕಿಗಳು. ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ಹೊರಡುವ ಬಸ್ಸುಗಳ ದಾರಿಯನ್ನೆಲ್ಲ ಅವನ ಮೈಮೇಲೆ ಬರೆದಂತಿತ್ತು. ಮುನಿಶಾಮಮ್ಮ ಅವನನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು.

ಕಮರುನ್ನೀಸಾ ನಾಡಿ ನೋಡಿದರು, ನಾಲಿಗೆ ನೋಡಿದರು, ಮಣಿಕಟ್ಟು ಒತ್ತಿದರು. ಆಮೇಲೆ ಎದೆಯ ನಡುಮೂಳೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಅದುಮಿದರು.

“ಅಯ್ಯಯ್ಯಪ್ಪೋ!”

ಕೆಳಗಿನ ಬೇಕರಿಯವನು ಮೇಲೆ ನೋಡಿದನಂತೆ.

“ಇದೇ ನೋಡಿ ಅಮ್ಮಾ ಜಾಗ. ದಾನ್ ಝೋಂಗ್ ಅಂತ ಹೆಸರು. ಉಸಿರಿನ ಸಮುದ್ರ ಅಂತಾರೆ.”

“ಸಮುದ್ರ ಎಲ್ಲೈತೆ ತಾಯಿ? ಬಂಡೆ ಐತೆ ಅಲ್ಲಿ.”

“ಏನಾದ್ರೂ ನುಂಗ್ಕೊಂಡಿದೀರಾ? ತುಂಬಾ ದಿವಸದಿಂದ?”

“ಮುದ್ದೆ. ದಿನಾ ಎರಡು ಹೊತ್ತು.”

ಕಮರುನ್ನೀಸಾ ನಕ್ಕು, ರಮ್ಯಳನ್ನು ಪರದೆಯ ಆಚೆಗೆ ಕಳಿಸಿದರು. ರವಿಕೆಯ ಮೇಲಿನ ಎರಡು ಗುಂಡಿ ಬಿಚ್ಚಬೇಕಾಯಿತು. ಮುನಿಶಾಮಮ್ಮ ಬಿಚ್ಚಿದರು, ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡರು. ಸೂಜಿ ಇಡಬೇಕಾದ ಚುಕ್ಕಿಯ ಮೇಲೆಯೇ ತಾಳಿ ಕೂತಿತ್ತು.

“ಇದನ್ನ ಸ್ವಲ್ಪ ಪಕ್ಕಕ್ಕೆ ಸರಿಸ್ಲಾ ಅಮ್ಮಾ?”

“ಸರಿಸವ್ವ. ಲಗ್ನ ಆದಾಗಿಂದ ಅಲ್ಲೇ ಬಿದ್ದೈತೆ. ಅದ್ರ ಭಾರಕ್ಕೇ ಹಿಂಗಾಗಿರಬೇಕು” ಎಂದರು ಮುನಿಶಾಮಮ್ಮ, ಕಣ್ಣು ತೆರೆಯದೆ. ಹಾಗೆ ಅಂದದ್ದು ತಾನೇನಾ ಎಂದು ಆಮೇಲೆ ಆಕೆಗೇ ಗಾಬರಿಯಾಯಿತಂತೆ.

ಸೂಜಿ ಕೂದಲಿನಷ್ಟು ಸಣ್ಣ. ಆ ಜಾಗದಲ್ಲಿ ನೇರವಾಗಿ ಚುಚ್ಚುವ ಹಾಗಿಲ್ಲ, ಹಿಂದೆಯೇ ಹೃದಯವಿದೆ, ಚರ್ಮದ ಕೆಳಗೆ ಓರೆಯಾಗಿ ತೂರಿಸಬೇಕು ಎಂದು ಕಮರುನ್ನೀಸಾ ವಿವರಿಸುತ್ತಲೇ ತೂರಿಸಿದರು. ಇರುವೆ ಕಚ್ಚಿದಂತಾಯಿತು, ಅಷ್ಟೇ. ಹಾಗೇ ಸ್ವಲ್ಪ ಹೊತ್ತು ಮಲಗಿರಬೇಕು. ಸುಮ್ಮನೆ ಮಲಗಿ ಗೊತ್ತಿಲ್ಲದ ಮುನಿಶಾಮಮ್ಮ ಕೇಳಿದರು.

“ಇದು ಇನ್ಯಾವುದಕ್ಕೆಲ್ಲ ಆಗ್ತದೆ?”

“ಉಬ್ಬಸ, ಕೆಮ್ಮು, ಬಿಕ್ಕಳಿಕೆ... ಮನಸ್ಸಿಗೆ ದುಃಖ ಇದ್ರೂ ಇಲ್ಲೇ ಹಾಕ್ತೀವಿ. ಬಾಣಂತೀರಿಗೆ ಹಾಲು ಕಮ್ಮಿ ಆದ್ರೂ ಇದೇ ಪಾಯಿಂಟು.”

“ಹಾಲಿಗಾ?”

“ಹೂಂ, ಹಾಲಿಗೆ.”

ಮುನಿಶಾಮಮ್ಮ ಕಣ್ಣು ತೆರೆದು ಸೂರು ನೋಡಿದರು. ಆಮೇಲೆ ಕೇಳಿದರು. “ಎಮ್ಮೆಗೂ ಇರ್ತದಾ?”

ಕೊಲಂಬೋದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. “ಕುದುರೆಗಳಿಗೆ ಹಾಕ್ತಾರಂತೆ ಅಮ್ಮಾ, ಓದಿದೀನಿ. ಎಮ್ಮೆದು ಗೊತ್ತಿಲ್ಲ. ನಿಮ್ಮನೇಲಿ ಎಮ್ಮೆ ಇದಾವಾ?”

“ಇದ್ವು” ಎಂದರು ಮುನಿಶಾಮಮ್ಮ. ಆ ಒಂದು ಮಾತಿನ ಹಿಂದೆಯೇ ಅಳು ಬಂತು. ಸಣ್ಣ ಅಳುವಲ್ಲ, ಮೈ ಕುಲುಕುವ, ಮಂಚ ಕಿರುಗುಟ್ಟುವ ಅಳು. ಬೋರಿ ಕರು ಹಾಕಿದಾಗ ತಾನು ಹಟ್ಟಿಯಲ್ಲೇ ಮಲಗಿದ್ದು, ಕಪ್ಪಿ ತನ್ನ ದನಿ ಕೇಳದೆ ಹಾಲಿನ ಸೊರೆ ಬಿಡದೇ ಇದ್ದದ್ದು, ಊರಿಂದ ಬಂದಾಗ ಗೂಟ ಮಾತ್ರ ನಿಂತಿದ್ದು, ಎಲ್ಲ ಒಂದರ ಮೇಲೊಂದು ಬಂತು. ಎದೆಯ ಮೇಲಿನ ಸೂಜಿ ಗಾಳಿಗೆ ಸಿಕ್ಕ ತೆನೆಯ ಹಾಗೆ ಅಲ್ಲಾಡತೊಡಗಿತು. ಕಮರುನ್ನೀಸಾ ಹೆದರಿ ಅದನ್ನು ಮೆಲ್ಲಗೆ ಎಳೆದು ತೆಗೆದುಬಿಟ್ಟು, ಆಕೆಯ ಕೈ ಹಿಡಿದುಕೊಂಡು ಮಂಚದ ಅಂಚಿನಲ್ಲೇ ಕೂತರು. ಪಕ್ಕದ ಪರದೆಯ ಆಚೆ, ಮಂಡಿಗಳಿಗೆ ಸೂಜಿ ಸಿಕ್ಕಿಸಿಕೊಂಡು ಮಲಗಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು “ಡಾಕ್ಟರ್, ನಂದು ಟೈಮ್ ಆಯ್ತು... ಡಾಕ್ಟರ್, ನಂದು...” ಎಂದು ಆಗಾಗ ನೆನಪಿಸುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಇಷ್ಟು ವರ್ಷ ಯಾರ ಹತ್ರಾನೂ ಹೇಳ್ಲಿಲ್ವಾ ಅಮ್ಮಾ?”

“ಕೇಳ್ದೋರು ಯಾರು ತಾಯಿ?”

ಅವತ್ತು ಸಂಜೆ ಮೆಟ್ಟಿಲ ಬುಡದಲ್ಲಿ ನನ್ನನ್ನು ಕಂಡು “ಬಂದ್ರಾ ಟೀಚರಮ್ಮ” ಎಂದವರು ಅಲ್ಲಿಗೆ ನಿಲ್ಲಿಸಲಿಲ್ಲ. “ಕೂತ್ಕೊಳ್ಳಿ, ಒಂದಿಷ್ಟು ಹೇಳ್ತೀನಿ” ಎಂದರು. ಅವತ್ತು ನನ್ನ ಒಲೆ ಹತ್ತಿದ್ದು ರಾತ್ರಿ ಬಹಳ ಹೊತ್ತಾದ ಮೇಲೆ.

ಆ ಭಾನುವಾರ ದೊಡ್ಡಮುನಿಯಪ್ಪನವರ ಹಜಾರದಲ್ಲಿ ಬಡಾವಣೆ ಸಂಘದ ಸಭೆ. ನೀರಿನ ಮೋಟಾರಿನ ಬಗ್ಗೆ ಹೇಳಲು ಹೋದ ನಾನೂ ಬಾಗಿಲಲ್ಲಿ ಸಿಕ್ಕಿಕೊಂಡೆ. ಮಾತು ಚರಂಡಿಯಿಂದ ಹೊರಟು ಸಂಸಾರಕ್ಕೆ ಬಂದಿತ್ತು. ಈಗಿನ ಹೆಂಗಸರು ಗಂಡಂದಿರ ಮಾತು ಕೇಳುವುದಿಲ್ಲವೆಂದು ಸಂಘದ ಖಜಾಂಚಿ ಕೊರಗಿದರು.

“ನಾನ್ ಹೇಳೋದ್ ಕೇಳಿ” ಎಂದರು ದೊಡ್ಡಮುನಿಯಪ್ಪ. “ನಾಲ್ಕು ಎಮ್ಮೆ. ನಾಲ್ಕಕ್ಕೆ ನಾಲ್ಕೂ ಹೊಡ್ದು ಕಳ್ಸಿದೆ. ನಮ್ಮವಳು ಒಂದೇ ಒಂದು ಮಾತು ಆಡಿದ್ರೆ ಕೇಳಿ.”

ಕಾಫಿ ತಟ್ಟೆ ಹಿಡಿದು ಬಂದ ಮುನಿಶಾಮಮ್ಮ ಅದನ್ನು ಟೀಪಾಯಿಯ ಮೇಲಿಟ್ಟರು. “ಆಡ್ಲಿಲ್ಲ. ಈಗ ಆಡ್ತೀನಿ. ನನ್ನ ಎಮ್ಮೆನ ಯಾರನ್ನ ಕೇಳಿ ಮಾರಿದ್ರಿ?”

ಖಜಾಂಚಿ ಕೈಗೆತ್ತಿಕೊಂಡ ಲೋಟ ಬಾಯಿಯವರೆಗೆ ಹೋಗದೆ ನಿಂತಿತು.

“ಏಯ್, ಒಳಗೋಗು.”

“ಇಷ್ಟು ದಿನ ಒಳಗೇ ಇದ್ನಲ್ಲ. ಆಚೆ ಬಂದಿದೀನಿ ಈಗ. ಸಗಣಿ ಬಾಚಿದ್ದು ನಾನು, ಹುಲ್ಲು ಹೊತ್ತಿದ್ದು ನಾನು, ನಿಮ್ಮ ಮಗನ್ನ ಇಸ್ಕೂಲಿಗೆ ಕಳ್ಸಿದ್ದು ಆ ಹಾಲು. ನಾಯಿ ಮಾರೋರೂ ಮನೆಯೋರಿಗೊಂದು ಮಾತು ಹೇಳಿ ಮಾರ್ತಾರೆ. ಕಲ್ಲು ಮೇಲೆ ನನ್ನ ಹೆಸರು ಕೆತ್ಸಿದ್ರೆ ಅದು ಹಾಲು ಕೊಡ್ತದಾ?”

“ಅಮ್ಮ, ಎಲ್ರೂ ಇದಾರೆ...” ಎಂದ ಮುನೀಂದ್ರ.

“ಎಲ್ರೂ ಇದ್ದಾಗ್ಲೇ ತಾನೇ ನಿಮ್ಮಪ್ಪ ಇದನ್ನ ಹೇಳೋದು? ನಾನೂ ಎಲ್ರೂ ಇದ್ದಾಗ್ಲೇ ಹೇಳ್ತೀನಿ.”

ಸಭೆ ಚರಂಡಿಯ ತೀರ್ಮಾನವಿಲ್ಲದೆ ಮುಗಿಯಿತು. ಆ ಚರಂಡಿ ಇವತ್ತಿಗೂ ಹಾಗೇ ಇರಬಹುದು.

ಮುಂದಿನ ದಿನಗಳಲ್ಲಿ ದೊಡ್ಡಮುನಿಯಪ್ಪನವರು ಇಷ್ಟು ಕಾಲ ಬೇರೆಯವರಿಗೆ ಕೊಡುತ್ತಿದ್ದುದನ್ನು ತಾವೇ ಅನುಭವಿಸಿದರು. ತಿಂಡಿಗೆ ಕೂತರೆ ಬೋರಿಯ ಮಾತು, ಊಟಕ್ಕೆ ಕೂತರೆ ಮಲ್ಲಿಯ ಮಾತು. ಎಮ್ಮೆಗಳ ಕತೆ ಮುಗಿದರೆ ತವರಿನಿಂದ ಬಂದ ಹಂಡೆ ಎಲ್ಲಿ ಹೋಯಿತು, ನಾದಿನಿಯ ಮದುವೆಯಲ್ಲಿ ತನಗೆ ಯಾರು ಏನೆಂದರು ಎಂಬ ಹಳೇ ಬಾಕಿ. ಬೈಗುಳವಿಲ್ಲ, ಜಗಳವೂ ಅಲ್ಲ. ಸುಮ್ಮನೆ ಕೆಲಸ ಮಾಡುತ್ತ ಒಂದೇ ದನಿಯಲ್ಲಿ ಹೇಳುತ್ತ ಹೋಗುವುದು. ಯಜಮಾನರು ಬೆಳಿಗ್ಗೆ ಎದ್ದವರೇ ವಾಕಿಂಗ್ ಎಂದು ಕೆರೆಯ ಕಡೆ ಹೊರಟುಬಿಡುವರು. ಅವರ ಆರೋಗ್ಯ ಸುಧಾರಿಸುತ್ತಿದೆ ಎಂದು ಬೀದಿಯವರೆಲ್ಲ ಮೆಚ್ಚಿಕೊಂಡರು.

ಇದೆಲ್ಲ ಆ ಸೂಜಿಯ ಕೆಲಸವೆಂದು ದೊಡ್ಡಮುನಿಯಪ್ಪನವರಿಗೆ ಖಾತ್ರಿಯಾಯಿತು. ಮುನೀಂದ್ರನನ್ನು ಕರೆದುಕೊಂಡು ಕಮ್ಮನಹಳ್ಳಿಗೆ ಹೋದರು. ಅಲ್ಲಿ ನಡೆದದ್ದನ್ನು ಮುನೀಂದ್ರ ರಮ್ಯಳಿಗೆ ಹೇಳಿದ, ರಮ್ಯ ಅತ್ತೆಗೆ ಹೇಳಿದಳು, ಅತ್ತೆ ನನಗೆ ಅಭಿನಯಿಸಿ ತೋರಿಸಿದರು.

“ಡಾಕ್ಟ್ರಮ್ಮ, ನೀವು ಒಂದು ಪಾಯಿಂಟು ಓಪನ್ ಮಾಡಿದೀರಲ್ಲ ನಮ್ಮನೇವ್ರಿಗೆ, ಅದನ್ನ ಕ್ಲೋಸ್ ಮಾಡ್ಬಿಡಿ.”

“ಯಾಕೆ ಸಾರ್? ಎದೆನೋವು ಜಾಸ್ತಿ ಆಯ್ತಾ ಅವರಿಗೆ?”

“ಅವ್ಳಿಗೆ ಕಮ್ಮಿ ಆಗಿದೆ. ನಂಗೆ ಶುರುವಾಗಿದೆ.”

ಕಮರುನ್ನೀಸಾ ಗಂಭೀರವಾಗಿಯೇ ಕೇಳಿದರು, ಬೆವರುತ್ತದೆಯೇ, ಎಡಗೈ ಸೆಳೆಯುತ್ತದೆಯೇ ಎಂದು. ಅಂಥದ್ದೇನೂ ಇರಲಿಲ್ಲ. ಮನೆಯಲ್ಲಿರುವಾಗ ಮಾತ್ರ ಬರುವ ನೋವು ಅದು.

“ಮಾತು ಮುಚ್ಚೋ ಪಾಯಿಂಟು ಯಾವುದೂ ಇಲ್ಲ ಸಾರ್. ಇದ್ದಿದ್ರೆ ಕ್ಲಿನಿಕ್ ಮುಂದೆ ಗಂಡಸರ ಕ್ಯೂ ನಿಲ್ತಿತ್ತು. ಕಿವಿಯಲ್ಲಿ ಒಂದಿದೆ, ಬೇಕಾದ್ರೆ ಹಾಕ್ತೀನಿ.”

“ಏನಾಗತ್ತೆ ಅದ್ರಿಂದ?”

“ಮನಸ್ಸು ಶಾಂತ ಆಗತ್ತೆ ಅಂತಾರೆ. ಯಾರು ಏನು ಹೇಳಿದ್ರೂ ಕೂತು ಕೇಳ್ಬಹುದು.”

ದೊಡ್ಡಮುನಿಯಪ್ಪ ಒಪ್ಪಿದರು. ಕಿವಿಯ ಒಳಮಡಿಕೆಯಲ್ಲಿ ಸಾಸಿವೆಯಂಥ ಒಂದು ಕಾಳನ್ನಿಟ್ಟು ಪ್ಲಾಸ್ಟರ್ ಅಂಟಿಸಿ ಕಳಿಸಿದರು. ಬೀದಿಯಲ್ಲಿ ಯಾರಾದರೂ ಕೇಳಿದರೆ “ಬಿಪಿಗೆ. ಫಾರಿನ್ ಟ್ರೀಟ್‌ಮೆಂಟು” ಎನ್ನುತ್ತಿದ್ದರು. ಕೇಳದವರಿಗೂ ಕಿವಿ ತೋರಿಸಿ ಹೇಳುತ್ತಿದ್ದರು. ಮನಸ್ಸು ಎಷ್ಟು ಶಾಂತವಾಯಿತೋ ಕಾಣೆ. ಒಂದು ಸಂಜೆ ಮಾತ್ರ ಹೆಂಡತಿ ಕಪ್ಪಿಯ ಕಾಯಿಲೆಯ ಕತೆ ಹೇಳುತ್ತಿದ್ದಾಗ, “ಆಮೇಲೆ ಯಾರು ಔಷ್ದಿ ಹಾಕಿದ್ದು?” ಎಂದು ನಡುವೆ ಕೇಳಿದರಂತೆ. ಮುನಿಶಾಮಮ್ಮ ಅದನ್ನು ನನಗೆ ಹೇಳುವಾಗ ಅಣಕಿಸಲಿಲ್ಲ.

ಮತ್ತೆ ಎಮ್ಮೆ ಕಟ್ಟುತ್ತೇನೆಂದು ಆಕೆ ಅಂದದ್ದಕ್ಕೆ ಮಾತ್ರ ಬೇಡವೇ ಬೇಡ ಎಂದರು ಅಪ್ಪ ಮಗ ಇಬ್ಬರೂ. ಬಾಡಿಗೆಯವರು ಬಿಟ್ಟುಹೋಗುತ್ತಾರೆ, ಸೊಳ್ಳೆಯಾಗುತ್ತದೆ, ಕಾಲ ಬದಲಾಗಿದೆ. ಮುನಿಶಾಮಮ್ಮ ವಾದ ಮಾಡಲಿಲ್ಲ. ತವರಿಗೆ ಹೋಗಿಬರುತ್ತೇನೆಂದು ಹೊರಟರು. ಮರಳಿ ಬರುವಾಗ ಟೆಂಪೊದ ಮುಂದುಗಡೆ ಅಣ್ಣ ಮುನಿಆಂಜನಪ್ಪನ ಪಕ್ಕ ಆಕೆ ಕೂತಿದ್ದರು. ಹಿಂದುಗಡೆ ಒಂದು ಗಬ್ಬದ ಎಮ್ಮೆ ನಿಂತಿತ್ತು. ಯಜಮಾನರು ಕೆರೆಯ ಕಡೆ ವಾಕಿಂಗ್ ಹೋಗಿದ್ದರು. ಮನೆಯಲ್ಲಿಲ್ಲದ ಹೊತ್ತು ನೋಡಿ ಎಮ್ಮೆ ವ್ಯವಹಾರ ಮಾಡುವುದನ್ನು ಆಕೆ ಆ ಮನೆಯಲ್ಲೇ ಕಲಿತದ್ದಲ್ಲವೇ. ಆಕೆಯ ಕಿವಿಯಲ್ಲಿ ಲೋಲಾಕು ಇಲ್ಲದ್ದನ್ನು ಮೊದಲು ಗಮನಿಸಿದ್ದು ಎದುರುಮನೆಯ ಯಶೋದಮ್ಮ. ಗಂಡ ಗಮನಿಸಿದ್ದು ಸುಮಾರು ತಿಂಗಳಾದ ಮೇಲೆ.

ಎಮ್ಮೆಯನ್ನು ಕಟ್ಟಿದ್ದು ಕೆಳಗಿನ ಪಾರ್ಕಿಂಗಿನಲ್ಲಿ, ಎರಡನೇ ಮಹಡಿಯ ನಿತೀಶನ ಕಾರು ನಿಲ್ಲುವ ಜಾಗದಲ್ಲಿ. ಸಂಜೆ ಆಫೀಸಿನಿಂದ ಬಂದ ಹುಡುಗ ಹೆಡ್‌ಲೈಟ್ ಬೆಳಕಿನಲ್ಲಿ ಎರಡು ಕೊಂಬು ಕಂಡು ಬ್ರೇಕ್ ಒತ್ತಿದ.

“ಆಂಟಿ, ಇದು ನನ್ನ ಪಾರ್ಕಿಂಗ್!”

“ನಿನ್ನ ಕಾರು ಆಚೆ ನಿಂತ್ರೂ ನಡೀತದಪ್ಪ. ಅದೇನು ಗಬ್ಬ ಆಗಿಲ್ಲವಲ್ಲ.”

ಬಾಡಿಗೆದಾರರೆಲ್ಲ ಸೇರಿ ದೂರು ಕೊಟ್ಟರು. ಮುನೀಂದ್ರ ಎರಡು ಕಡೆಗೂ ತಲೆಯಾಡಿಸಿ ಕುತ್ತಿಗೆ ನೋಯಿಸಿಕೊಂಡ. ಎಮ್ಮೆ ಕರು ಹಾಕಿದ ಮೇಲೆ ಮುನಿಶಾಮಮ್ಮ ಪ್ರತಿ ಮನೆಗೂ ಒಂದೊಂದು ಬಟ್ಟಲು ಗಿಣ್ಣು ಕಳಿಸಿದರು, ಏಲಕ್ಕಿ ಬೆಲ್ಲ ಹಾಕಿ. ಆಮೇಲೆ ದೂರುದಾರರೇ ಬೆಳಿಗ್ಗೆ ಪಾತ್ರೆ ಹಿಡಿದು ಮೆಟ್ಟಿಲಿಳಿಯತೊಡಗಿದರು. ಅವರಲ್ಲಿ ಮೊದಲಿಗ ನಿತೀಶನೇ. ತನ್ನ ಆಫೀಸಿನವರಿಗೆಲ್ಲ ಫಾರಂ ಹಾಲು ಕುಡಿಯುತ್ತೇನೆಂದು ಹೇಳಿಕೊಳ್ಳುತ್ತಿದ್ದನಂತೆ. ಫಾರಂ ಅವನ ಕಾರಿನ ಜಾಗ.

ಇನ್ನು ಎದೆಯ ವಿಷಯ. ಅದು ಸಡಿಲವಾದದ್ದಂತೂ ನಿಜ, ಸಡಿಲವಾದದ್ದಕ್ಕೆ ಹಕ್ಕುದಾರರು ಮಾತ್ರ ಬಹಳ ಮಂದಿ. ಚೀನಾದವರದೇ ಎಂದಳು ರಮ್ಯ. ಮೆಡಿಕಲ್ ಸ್ಟೋರಿನವನು ಗ್ಯಾಸಿನ ಮಾತ್ರೆ ನಿಧಾನಕ್ಕೆ ಕೆಲಸ ಮಾಡುತ್ತದೆ ಎಂದ. ಪೂಜಾರಿ ಪಟಾಲಮ್ಮನಿಗೆ ಸೀರೆ ಕೇಳಿದ. ದೊಡ್ಡಮುನಿಯಪ್ಪನವರು “ಎಮ್ಮೆ ಕೊಡ್ಸಿದೆ ನೋಡಿ, ಸರಿಹೋಯ್ತು. ನಾನ್ ಹೇಳ್ಲಿಲ್ವಾ?” ಎಂದು ಸಂಘದ ಸಭೆಯಲ್ಲಿ ಹೇಳಿ, ಅಡುಗೆಮನೆಯಿಂದ “ಕೊಡ್ಸಿದ್ದು ಯಾರು?” ಎಂಬ ಪ್ರಶ್ನೆ ಬಂದದ್ದರಿಂದ ವಿಷಯ ಬದಲಿಸಿದರು. ನಾನೊಮ್ಮೆ ಕಮರುನ್ನೀಸಾ ಅವರನ್ನೇ ಕೇಳಿದೆ. ಆಕೆ ಆಗಾಗ ಹಾಲಿನ ನೆಪದಲ್ಲಿ ಇವರನ್ನು ನೋಡಲು ಬರುತ್ತಿದ್ದರು, ಎಮ್ಮೆಯಿಂದ ಮಾತ್ರ ಮಾರುದೂರ ನಿಂತು. “ಸೂಜಿ ಹಾಕಿದ್ದು ನಿಜ, ಅವರು ಅತ್ತಿದ್ದು ನಿಜ. ಎರಡಕ್ಕೂ ನಡುವೆ ಏನಿದೆ ನನಗೆ ಗೊತ್ತಿಲ್ಲ ಟೀಚರ್. ಆ ಬ್ಯಾಂಕ್ ಮ್ಯಾನೇಜರಿಗೆ ವರ್ಷದಿಂದ ಹಾಕ್ತಾ ಇದೀನಿ, ಮಂಡಿ ಹಂಗೇ ಇದೆ” ಎಂದರು.

ಮುನಿಶಾಮಮ್ಮನ ಲೆಕ್ಕ ಬೇರೆ. “ಪೂರ್ತಿ ಹೋಗಿಲ್ಲ ಟೀಚರಮ್ಮ. ಒಂದೊಂದು ದಿನ ಬಂದು ಕೂತ್ಕೊಂತದೆ. ಕಮ್ಮನಹಳ್ಳಿಗೆ ಹೋಗಿ ಚುಚ್ಚಿಸ್ಕೊಂಡು, ಆಯಮ್ಮನ ಜೊತೆ ಒಂದಿಷ್ಟು ಮಾತಾಡ್ಕೊಂಡು ಬರ್ತೀನಿ. ಸೂಜಿಗೆ ಹೋಗ್ತೀನೋ ಮಾತಿಗೆ ಹೋಗ್ತೀನೋ, ಯಾರಿಗೆ ಗೊತ್ತು.”

ಎರಡು ಸಾವಿರದ ಆರರಲ್ಲಿ ದೊಡ್ಡಮುನಿಯಪ್ಪನವರಿಗೆ ನಿಜವಾಗಿಯೇ ಹೃದಯದ ತೊಂದರೆಯಾಯಿತು. ಹೆಂಡತಿಯನ್ನು ನಾರ್ಮಲ್ ಎಂದು ಕಳಿಸಿದ ಅದೇ ಆಸ್ಪತ್ರೆ ಅವರನ್ನು ಹಾಗೆ ಕಳಿಸಲಿಲ್ಲ. ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಕಳಿಸಿತು. ಹೆಚ್ಚು ಮಾತಾಡಬಾರದು, ಆಯಾಸ ಮಾಡಿಕೊಳ್ಳಬಾರದು ಎಂದು ಹೇಳಿ ಕಳಿಸಿದರು. ಮಾತಾಡದ ದೊಡ್ಡಮುನಿಯಪ್ಪನವರಿಗೆ ಮನೆಯೊಳಗೆ ಏನು ಮಾಡಬೇಕೆಂದೇ ತೋಚದೆ, ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು. ಪಕ್ಕದಲ್ಲಿ ಎಮ್ಮೆ. ಇಬ್ಬರೂ ಬೀದಿ ನೋಡುತ್ತಿದ್ದರು.

ನನಗೆ ಆ ವರ್ಷ ಬೇರೆ ಕಡೆ ಕೆಲಸ ಸಿಕ್ಕಿ ಮನೆ ಖಾಲಿ ಮಾಡುತ್ತಿದ್ದೆ. ಲಗೇಜ್ ಆಟೊ ಬಂದಿದೆಯೇ ಎಂದು ನೋಡಲು ಇಳಿದು ಬಂದರೆ ಮುನಿಶಾಮಮ್ಮ ಎಮ್ಮೆಯ ಆ ವರ್ಷದ ಕರುವನ್ನು ಕೆಚ್ಚಲಿನಿಂದ ಬಿಡಿಸುತ್ತಿದ್ದರು. ಅದು ಬಲಿತ ಕರು, ಎಳೆದ ಕಡೆ ಬರುತ್ತಿರಲಿಲ್ಲ.

“ಸುಮ್ನೆ ಕೂತಿದೀರಲ್ಲ, ಈ ಹಗ್ಗ ಹಿಡ್ಕೊಳ್ಳಿ” ಎಂದರು ಗಂಡನಿಗೆ.

ಬಿಳಿ ಪ್ಯಾಂಟಿನ ಯಜಮಾನರು ಎದ್ದು ಬಂದು ಹಗ್ಗ ಹಿಡಿದರು. ಕರು ಅವರ ಶರ್ಟಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಬಿಡಿಸಿಕೊಳ್ಳಲಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣು ಹಾಯಿಸಿದವರಿಗೆ ಮೆಟ್ಟಿಲ ಮೇಲಿದ್ದ ನಾನು ಕಂಡೆ.

“ಬರೀ ಹಿಡ್ಕೊಂಡಿದೀನಿ ಟೀಚರೇ, ಅಷ್ಟೇ” ಎಂದರು.